ದ್ವಾದಶಿಯ ರಂಗೋಲಿ

ಆರಿದ್ರಾ ಮಳೆ ಹಿಡಿದ ದಿನಗಳು. ಹಳ್ಳಿಗಳ ಕಡೆ ಎರೆ ಹೊಲ ಹದಕ್ಕೆ ಬಂದು ಬಿತ್ತಿಗೆಯ ಗಡಿಬಿಡಿ ಶುರುವಾಗಿತ್ತು. ಅದರ ಒಂದು ಪಾಲು ರಾಯಚೂರಿನ ತೀನ್ ಕಂದೀಲಿನ ಹಿಂದಿನ ಓಣಿಗೂ ಬಂದು ಬಿದ್ದಿತ್ತು. ಚಂದ್ರಬಂಡದ ಕಡೆಯ ರೈತರು ಬಿತ್ತುವ ಕೂರಿಗೆಯ ತಾಳುಗಳನ್ನು ಮೊನೆ ಬಡಿಸಲು ಹೆಗಲ ಮೇಲೆ ಹೊತ್ತು ತಂದು ಓಣಿಯ ತುದಿಯ ಕುಲುಮೆಯ ಮುಂದೆ ಪಾಳಿ ಕಾಯುತ್ತ ಕೂತಿದ್ದರು. ನಲವತ್ತೆಂಟನೆಯ ಇಸವಿ. ಅಂಗಡಿಯಲ್ಲಿ ಸೀಮೆಎಣ್ಣೆ ಇಲ್ಲ, ಉಪ್ಪು ಇಲ್ಲ, ಸಂಜೆಯಾದರೆ ಬೀದಿಯಲ್ಲಿ ಮನುಷ್ಯರೇ ಇಲ್ಲ. ಆದರೂ ಮಳೆ ಬಂದ ಮೇಲೆ ರೈತ ಯಾವ ಸರಕಾರದ ಹುಕುಮಿಗೂ ಕಾಯುವುದಿಲ್ಲ.

ಭಾಗೀರಥಿಬಾಯಿ ಪಡಸಾಲೆಯ ಕಿಟಕಿಯ ಹತ್ತಿರ ಕೂತು ಮುತ್ತುಗದ ಎಲೆಗೆ ಎಲೆ ಕೂಡಿಸಿ, ಜೋಳದ ದಂಟಿನ ಸಿಬಿರು ಚುಚ್ಚಿ ಪತ್ರಾವಳಿ ಹಚ್ಚುತ್ತಿದ್ದಳು. ಗಂಡ ಹೋಗಿ ಒಂದು ವರ್ಷ ತುಂಬಲು ಬಂದಿತ್ತು. ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗು ಹೊದ್ದಂದಿನಿಂದ ಆಕೆ ಮಠಕ್ಕೆ ಬಿಟ್ಟರೆ ಬೇರೆಲ್ಲೂ ಹೋದವಳಲ್ಲ. ಹೊರಗಿನ ಲೋಕವೆಂದರೆ ಆ ಕಿಟಕಿಯೇ. ಕೈ ತನ್ನ ಪಾಡಿಗೆ ಎಲೆ ಹಚ್ಚುತ್ತಿದ್ದರೆ ಕಣ್ಣು ಓಣಿಯಲ್ಲಿ ಹೋಗುವವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ನೋಡುತ್ತಿತ್ತು. ಇವರು ಮಾನ್ವಿಯವರು, ಅಂಗಡಿ ಕಂಡಲ್ಲೆಲ್ಲ ನಿಂತು ಕೇಳುತ್ತಾರೆ, ಕೊಳ್ಳುವುದಿಲ್ಲ. ಇವರು ದೇವದುರ್ಗದ ಕಡೆಯವರು, ರಸ್ತೆ ಎಷ್ಟೇ ಅಗಲವಿರಲಿ, ಹೊಲದ ಬದುವಿನ ಮೇಲೆ ನಡೆದ ಹಾಗೆ ಒಬ್ಬರ ಹಿಂದೆ ಒಬ್ಬರು. ಇವಳು ತವರಿಗೆ ಹೊರಟವಳು, ಇವಳು ತವರಿನಿಂದ ಬಂದವಳು. ಗಂಟಿನ ಭಾರ ನೋಡಿದರೇ ಗೊತ್ತಾಗುತ್ತದೆ.

"ಈ ಊರಿಗೆ ಮೂರು ಕಂದೀಲು ಅದಾವ. ನಾಲ್ಕನೇದು ನೀವು ನೋಡ್ರಿ ಅತ್ಯಾ" ಎಂದು ಸೊಸೆ ಅಹಲ್ಯಾಬಾಯಿ ನಗಾಡುತ್ತಿದ್ದಳು. ನಗು ಈಚೆಗೆ ಕಡಿಮೆಯಾಗಿತ್ತು.

ಅವಳ ಗಂಡ, ಭಾಗೀರಥಿಬಾಯಿಯ ಒಬ್ಬನೇ ಮಗ ಪ್ರಾಣೇಶ, ಮಾನ್ವಿಯ ಶಾಲೆಯಲ್ಲಿ ಮಾಸ್ತರನಾಗಿದ್ದವನು. ಚಳಿಗಾಲದ ಒಂದು ದಿನ ಚೀಕಲಪರ್ವಿಯ ಹತ್ತಿರ ಹರಗೋಲು ಹತ್ತಿ ತುಂಗಭದ್ರೆ ದಾಟಿದವನು ತಿರುಗಿ ಬರಲಿಲ್ಲ. ಹೊಳೆಯ ಆಚೆ ದಂಡೆ ನಿಜಾಮನದಲ್ಲ. ಅಲ್ಲಿ ಕ್ಯಾಂಪು ಕಟ್ಟಿಕೊಂಡು, ನಿಜಾಮನ ಸುಂಕದ ನಾಕಾಗಳಿಗೆ ಬೆಂಕಿ ಹಚ್ಚುವ ಹುಡುಗರ ಜೊತೆ ಇವನೂ ಇದ್ದಾನೆ ಎಂಬುದು ಓಣಿಗೆಲ್ಲ ಗೊತ್ತಿತ್ತು. ಠಾಣೆಯ ಅಮೀನನಿಗೂ ಗೊತ್ತಿತ್ತು. ಅವನು ಬಂದು, ಕಟ್ಟೆಯ ಕೆಳಗೇ ನಿಂತು, ಮರ್ಯಾದೆಯಿಂದಲೇ ಕೇಳಿಹೋಗಿದ್ದ: "ತಂದಿ ತಿಥಿಗೆ ಮಗ ಬರದ ಇರ್ತಾನೇನ್ರಿ? ನಿಮ್ಮ ಮಂದ್ಯಾಗ ಹಂಗ ನಡೀತದೇನು?"

ನಡೆಯುವುದಿಲ್ಲ. ಅದು ಅಮೀನನಿಗೂ ಗೊತ್ತು, ಭಾಗೀರಥಿಬಾಯಿಗೂ ಗೊತ್ತು. ಮೊದಲ ವರ್ಷದ ಶ್ರಾದ್ಧ. ಒಬ್ಬನೇ ಮಗ.

ಅವನು ಬರುವ ಸುದ್ದಿ ತಂದವಳು ಹಣಮಮ್ಮ. ದೇವದುರ್ಗದ ಆಚೆಯ ಹಳ್ಳಿಯ ಕೂಲಿಯ ಹೆಂಗಸು. ಅಡವಿಯಲ್ಲಿ ಎಲೆ ಕೊಯ್ದು, ಒಣಗಿಸಿ, ಹೊರೆ ಕಟ್ಟಿ ರಾಯಚೂರಿನ ಮನೆಗಳಿಗೆ ಹಾಕುವವಳು. ಹೋದ ಸಲ ಬಂದಾಗ ಹೊರೆ ಬಿಚ್ಚುತ್ತ, ತಲೆ ಎತ್ತದೆ ಹೇಳಿದ್ದಳು:

"ಅವ್ವಾರ, ದ್ವಾದಶಿ ದಿನ ಮತ್ತ ಎಲಿ ತರ್ತೀನ್ರೀ. ಅವತ್ತಿನ ಹೊರಿ ನನ್ನೊಬ್ಬಾಕಿಗೆ ಆಗಂಗಿಲ್ಲ. ಹೊರಾಕ ಇನ್ನೊಬ್ಬನ್ನ ಕರಕೊಂಡು ಬರ್ತೀನಿ."

ಕೂಲಿಯ ಹೆಂಗಸಿನ ಬಾಯಲ್ಲಿ ದ್ವಾದಶಿ ಎಂಬ ಮಾತು ಕೇಳಿಯೇ ಭಾಗೀರಥಿಬಾಯಿಗೆ ಯಾರ ಹೇಳಿಕೆ ಎಂದು ತಿಳಿದುಹೋಯಿತು. ಗಂಡ ತೀರಿಕೊಂಡದ್ದು ಏಕಾದಶಿಯ ದಿನ. ಆದರೆ ಮಾಧ್ವರ ಮನೆಗಳಲ್ಲಿ ಏಕಾದಶಿಗೆ ಒಲೆ ಹೊತ್ತುವುದಿಲ್ಲ. ಇದ್ದವರಿಗೂ ಉಪವಾಸ, ಸತ್ತವರಿಗೂ ಉಪವಾಸ. ಶ್ರಾದ್ಧವೇನಿದ್ದರೂ ಮಾರನೆಯ ದಿನ, ದ್ವಾದಶಿಗೆ. ಅದು ಒಳಗಿನವರಿಗಷ್ಟೇ ಗೊತ್ತಿರುವ ಮಾತು. ಅಮೀನನ ಕಾಗದದಲ್ಲಿ ಏಕಾದಶಿ ಎಂದೇ ಇರುತ್ತದೆ ಎಂಬುದು ಪ್ರಾಣೇಶನ ಲೆಕ್ಕವಾಗಿರಬೇಕು.

ಪುರೋಹಿತ ಶೇಷಗಿರಿ ಆಚಾರ್ಯರಿಗೆ ಮಾತ್ರ ಆಕೆ ನಿಜ ಹೇಳಿರಲಿಲ್ಲ. ಒಳ್ಳೆಯ ಮನುಷ್ಯ, ಬಾಯಲ್ಲಿ ನೀರು ನಿಂತರೂ ಮಾತು ನಿಲ್ಲುವುದಿಲ್ಲ. "ಮಾನ್ವಿಯಿಂದ ನಮ್ಮ ಮೈದುನನ ಮಗ ಬಂದು ಮಾಡ್ತಾನ್ರಿ" ಎಂದಷ್ಟೇ ಹೇಳಿದ್ದಳು.

ಆ ವಾರವೇ ಎದುರಿನ ದರ್ಜಿ ಸೈಫುದ್ದೀನನ ಕಟ್ಟೆಯ ಮೇಲೆ ಒಬ್ಬ ಹೊಸ ಮನುಷ್ಯ ಬಂದು ಕೂಡತೊಡಗಿದ.

ಮೊದಲ ದಿನ ಭಾಗೀರಥಿಬಾಯಿಗೆ ಖುಷಿಯೇ ಆಯಿತು. ಗುರುತು ಹಚ್ಚಲು ಹೊಸಬನೊಬ್ಬ ಸಿಕ್ಕನಲ್ಲ ಎಂದು. ನಡುವಯಸ್ಸು, ಕಚ್ಚೆಪಂಚೆ, ಮೇಲೊಂದು ಶಲ್ಯ, ಮಡಚಿದ ಛತ್ರಿ. ಹಣೆಯ ಮೇಲೆ ಗೋಪೀಚಂದನದ ನಾಮ, ಅದರ ನಡುವೆ ಕರೀ ಅಂಗಾರದ ಗೆರೆ, ಕೆಳಗೆ ಕೆಂಪು ಅಕ್ಷತೆಯ ಬೊಟ್ಟು. ಎಲ್ಲ ಸರಿಯಾಗಿಯೇ ಇತ್ತು. ಹೆಣ್ಣು ನೋಡಲು ಬಂದವನೇ? ಹಾಗಾದರೆ ಒಬ್ಬನೇ ಬರುವುದಿಲ್ಲ. ಮಠದ ಕೆಲಸಕ್ಕೆ ಬಂದವನೇ? ಹಾಗಾದರೆ ಹಗಲೆಲ್ಲ ದರ್ಜಿಯ ಕಟ್ಟೆಯ ಮೇಲೆ ಕೂಡುವುದಿಲ್ಲ. ಇನ್ನೊಂದು ಸಣ್ಣದು ಕಣ್ಣಿಗೆ ಚುಚ್ಚುತ್ತಿತ್ತು. ಕಚ್ಚೆ ಉಟ್ಟು ಬೆಳೆದವನು ಕೂಡುವಾಗ ಹಿಂದೆ ಒಮ್ಮೆ ಕೈ ಆಡಿಸಿ ನೆರಿಗೆ ಸರಿಮಾಡಿಕೊಳ್ಳುತ್ತಾನೆ. ಇವನು ಚಡ್ಡಿ ತೊಟ್ಟವರ ಹಾಗೆ ದೊಪ್ಪನೆ ಕೂಡುತ್ತಿದ್ದ.

ಸೊಸೆಯ ಕುಪ್ಪಸ ಹೊಲಿದು ಕೊಡಲು ಬಂದ ಸೈಫುದ್ದೀನನನ್ನು ಆಕೆ ಕಿಟಕಿಯೊಳಗಿಂದಲೇ ಕೇಳಿದಳು.

"ಯಾರಪಾ ಅವರು, ನಿನ್ನ ಕಟ್ಟಿ ಮ್ಯಾಲಿನ ಆಚಾರ್ರು?"

"ಕವಿತಾಳದವರಂತ ಬಾಯೀ. ವೆಂಕಟೇಶಾಚಾರ್ ಅಂತ ಹೆಸರಂತ. ಅದಾಲತ್ತಿನಾಗ ಜಮೀನಿನ ತಾರೀಖು ಅದಂತ." ಸೈಫುದ್ದೀನ ದನಿ ಇಳಿಸಿದ. "ಅದಾಲತ್ತು ಆ ಕಡೆ, ಇವರು ಈ ಕಡೆ. ಅರಿವಿ ಹೊಲಿಲಿಕ್ಕೂ ಕೊಡಂಗಿಲ್ಲ, ಎದ್ದೂ ಹೋಗಂಗಿಲ್ಲ. ಎದ್ದೇಳ್ರಿ ಅನ್ನಾಕ ನನಗೂ ಅಂಜಿಕಿ. ಈಗಿನ ದಿನ ಯಾರು ಏನು ಅಂತ ಹೆಂಗ ಹೇಳೂದು ಹೇಳ್ರಿ?"

"ಹೌದಪಾ" ಎಂದಳು ಭಾಗೀರಥಿಬಾಯಿ. ಅಂದಿನಿಂದ ನೋಡುವ ಖುಷಿ ಹೋಯಿತು, ನೋಡುವುದು ಮಾತ್ರ ಉಳಿಯಿತು. ಅವನು ಕೂತ ಜಾಗದಿಂದ ಕುಲುಮೆ ಕಾಣುವುದಿಲ್ಲ, ಪೇಟೆ ಕಾಣುವುದಿಲ್ಲ. ಕಾಣುವುದು ಈ ಮನೆಯ ಬಾಗಿಲು ಒಂದೇ.

ಏಕಾದಶಿ ಬಂತು. ಮನೆಯಲ್ಲಿ ಒಲೆ ಹೊತ್ತಲಿಲ್ಲ. ಹೊತ್ತೇರಿದ ಮೇಲೆ ಆ ಮನುಷ್ಯ ಎಂದಿನಂತೆ ಬಂದ, ಛತ್ರಿ ಗೋಡೆಗೆ ಆನಿಸಿದ, ಶಲ್ಯದಿಂದ ಮುಖ ಒರೆಸಿಕೊಂಡು ದೊಪ್ಪನೆ ಕೂತ. ಭಾಗೀರಥಿಬಾಯಿಯ ಕೈಯಲ್ಲಿದ್ದ ಸಿಬಿರು ಎಲೆಯ ಬದಲು ಬೆರಳಿಗೆ ಹೊಕ್ಕಿತು.

"ಅಹಲ್ಯಾ, ಇಲ್ಲಿ ಬಾ. ಕಿಟಕಿಗೆ ಮುಖ ಹಚ್ಚಬ್ಯಾಡ. ಅಲ್ಲಿಂದನ ನೋಡು. ಅವನ ಹಣಿ ಮ್ಯಾಲ ಏನದ?"

"ನಾಮ ಅದ. ಅಂಗಾರ ಅದ."

"ಅಂಗಾರದ ಬುಡದಾಗ?"

"ಅಕ್ಷತಿ..." ಎಂದವಳು ಅಲ್ಲಿಗೇ ನಿಂತಳು. ಕೈ ಬಾಯಿಗೆ ಹೋಯಿತು.

ಅಕ್ಷತೆಯ ಬೊಟ್ಟು ಉಣ್ಣುವ ದಿನದ ಗುರುತು. ಉಪವಾಸದ ಏಕಾದಶಿಗೆ ಅಂಗಾರದ ಬರಿಯ ಕರೀ ಗೆರೆಯೊಂದೇ. ಕದ್ದು ಉಂಡವನು ಕೂಡ ಅವತ್ತು ಅಕ್ಷತೆ ಹಚ್ಚಿಕೊಂಡು ಬೀದಿಗೆ ಬರುವುದಿಲ್ಲ. ಹಚ್ಚಿಕೊಳ್ಳುವುದನ್ನು ಯಾರೋ ಇವನಿಗೆ ಕಲಿಸಿದ್ದಾರೆ, ಯಾವಾಗ ಬಿಡಬೇಕೆಂದು ಕಲಿಸಿಲ್ಲ.

"ಖುಫಿಯಾ ಪೊಲೀಸಿನವ" ಎಂದಳು ಅಹಲ್ಯಾಬಾಯಿ, ತುಟಿಯಲ್ಲೇ.

"ಬಾಯಿ ಮುಚ್ಚು. ಇವತ್ತೊಂದಿನ ಕಾಯ್ತಾನ. ಏಕಾದಶಿ ಅಂತ ತಿಳಕೊಂಡು ಬಂದಾನ. ಯಾರೂ ಬರಲಿಲ್ಲ ಅಂದ್ರ ಎದ್ದು ಹೋಗ್ತಾನ."

ಹಗಲೆಲ್ಲ ಅತ್ತೆ ಸೊಸೆ ಅದನ್ನೇ ನೆಚ್ಚಿಕೊಂಡು ಕೂತರು. ಅವನೂ ಕೂತ. ಮಳೆ ಹನಿಯಿತು, ನಿಂತಿತು. ಇಳಿಹೊತ್ತಿಗೆ ಅವನು ಛತ್ರಿ ಎತ್ತಿಕೊಂಡು ಎದ್ದಾಗ ಭಾಗೀರಥಿಬಾಯಿ ಉಸಿರು ಬಿಟ್ಟಳು. ಅವನು ಹೋದ ಸ್ವಲ್ಪ ಹೊತ್ತಿಗೆ ಶೇಷಗಿರಿ ಆಚಾರ್ಯರು ಬಾಗಿಲಿಗೆ ಬಂದರು, ನಾಳೆಯ ಶ್ರಾದ್ಧದ ಸಾಮಾನು ಕೇಳಲು.

"ಎಳ್ಳು ತೊಳದು ಒಣಗಿಸೀರಲ್ಲ? ದರ್ಭಿ ನಾನ ತರ್ತೀನಿ. ಭಾಗಕ್ಕ, ಆ ಕವಿತಾಳದ ಆಚಾರ್ರು ಭಾಳ ಸಜ್ಜನ ಮನುಷ್ಯ ನೋಡ್ರಿ. ಈಗ ಓಣಿ ತುದ್ಯಾಗ ಭೆಟ್ಟಿ ಆದ್ರು. 'ಈ ಮನಿಯವರದು ಇವತ್ತು ತಿಥಿ ಅಂತ ಕೇಳಿದ್ದೆ, ಯಾರೂ ಬಂದಂಗ ಕಾಣಲಿಲ್ಲಲ್ಲ' ಅಂತ ಕಳವಳಪಟ್ಟರು. ನಾ ನಕ್ಕೆ. 'ಏಕಾದಶಿ ದಿನ ಎಲ್ಲೆರೆ ಶ್ರಾದ್ಧ ಆಗ್ತದೇನ್ರಿ? ನಾಳಿ ದ್ವಾದಶಿಗೆ' ಅಂದೆ. 'ಹೌದಲ್ಲ, ಮರತೆ' ಅಂದ್ರು. ವಯಸ್ಸು ನೋಡ್ರಿ, ಮರವು."

ಭಾಗೀರಥಿಬಾಯಿ ಚೌಕಟ್ಟಿಗೆ ಕೈ ಆನಿಸಿಕೊಂಡಳು. ಬಾಗಿಲ ಹಿಂದೆ ಅಹಲ್ಯಾಬಾಯಿಯ ಬಳೆ ಒಮ್ಮೆ ಸದ್ದು ಮಾಡಿ ನಿಂತಿತು.

"ಹೌದ್ರಿ. ಮರವು" ಎಂದಳು ಆಕೆ. "ನಾಳಿ ಹೊತ್ತಿಗೆ ಸರಿಯಾಗಿ ಬರ್ರಿ ಆಚಾರ್ರ."

ಬರಬೇಡಿ ಎಂದಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಕೇಳಿದ್ದನ್ನು ಓಣಿಗೆಲ್ಲ ಹೇಳುತ್ತಿದ್ದರು.

ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕುವಾಗ ಅಹಲ್ಯಾಬಾಯಿ ಅಳುತ್ತಿದ್ದಳು. "ಯಾರನ್ನಾರ ಕಳಸೋಣ ಅತ್ಯಾ. ದಾರ್ಯಾಗ ತಡದು ಹೇಳಲಿ."

"ಯಾವ ದಾರ್ಯಾಗ? ದೇವದುರ್ಗದ ದಾರಿ ಹಿಡದಾನೋ, ಮಾನ್ವಿ ದಾರಿ ಹಿಡದಾನೋ? ಯಾವ ವೇಷದಾಗ? ಕಳಸಿದವರ ಬೆನ್ನು ಹತ್ತಿ ಆ ಖುಫಿಯಾದವನ ಹೋದ್ರ?"

ಭಾಗೀರಥಿಬಾಯಿ ಎಳ್ಳಿನ ಬಟ್ಟಲನ್ನು ಮುಂದಿಟ್ಟುಕೊಂಡು ಕಸ ಆರಿಸುತ್ತ ಕೂತಳು. ಮಗ ಸಣ್ಣವನಿದ್ದಾಗ ಕೇಳಿದ್ದು ನೆನಪಾಯಿತು. ಅಜ್ಜನ ಶ್ರಾದ್ಧದ ದಿನ ಬಾಗಿಲ ಮುಂದೆ ನೆಲ ಬೋಳಾಗಿರುವುದನ್ನು ನೋಡಿ, "ಅವ್ವಾ, ಇವತ್ತ್ಯಾಕ ರಂಗೋಲಿ ಹಾಕಿಲ್ಲ?" ಎಂದಿದ್ದ. "ಇವತ್ತು ಅಜ್ಜ ಬರ್ತಾನಪಾ. ರಂಗೋಲಿ ಕಂಡ್ರ ಇದು ತನ್ನ ದಿನ ಅಲ್ಲಂತ ಬಾಗಲದಿಂದನ ತಿರುಗಿ ಹೋಗ್ತಾನ" ಎಂದು ಹೇಳಿದ್ದಳು. ಅವನು ಆಮೇಲೆ ಪ್ರತಿ ವರ್ಷ ಆ ದಿನ ಬೆಳಿಗ್ಗೆ ಎದ್ದು, ಯಾರಾದರೂ ಮರೆತು ರಂಗೋಲಿ ಹಾಕಿಬಿಟ್ಟಾರೆಂದು ಬಾಗಿಲು ಕಾಯುತ್ತಿದ್ದ.

ಎಳ್ಳು ಆರಿಸುವ ಬೆರಳು ನಿಂತಿತು.

ದ್ವಾದಶಿಯ ಬೆಳಗು. ಅಹಲ್ಯಾಬಾಯಿ ಒದ್ದೆ ಮಡಿಯುಟ್ಟು ಅಂಗಳಕ್ಕೆ ನೀರು ಹೊಡೆದು ಒಳಗೆ ಬಂದಳು. ಅತ್ತೆ ರಂಗೋಲಿಯ ಬಟ್ಟಲನ್ನು ಅವಳ ಮುಂದೆ ಇಟ್ಟಳು.

"ಹಾಕು."

"ಅತ್ಯಾ, ಇವತ್ತು ಮಾವನವರ..."

"ಗೊತ್ತದ. ಹಾಕು. ದೊಡ್ಡದು ಹಾಕು, ಓಣಿ ತಿರುವಿನಿಂದ ಕಾಣಬೇಕು."

ಅಹಲ್ಯಾಬಾಯಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಬಟ್ಟಲು ಮುಟ್ಟಲಿಲ್ಲ. "ಐದಾರು ತಿಂಗಳಾತು, ಮಾರಿ ನೋಡಿ" ಎಂದಳು. "ಬಂದವರನ್ನ ನನ್ನ ಕೈಲೇ ತಿರುಗಿ ಕಳಸಂತೀರೇನು?"

"ನಾ ಹಾಕಬಹುದಿದ್ರ ನಾನ ಹಾಕ್ತಿದ್ದೆ. ಗಂಡ ಸತ್ತಾಕಿ ಬಾಗಲಕ್ಕ ಎಳಿ ಎಳದ್ರ ಓಣಿ ನಿಂತು ನೋಡ್ತದ." ಭಾಗೀರಥಿಬಾಯಿ ಬಟ್ಟಲನ್ನು ಅವಳ ಕಡೆ ಇನ್ನಷ್ಟು ಸರಿಸಿದಳು. "ನಿನ್ನ ಗಂಡ ಒಬ್ಬನ ತಿರುಗಿ ಹೋಗ್ತಾನೇನು? ನನ್ನ ಗಂಡನೂ ಹೋಗ್ತಾನ. ವರ್ಷೊಪ್ಪತ್ತಿನ ಹಸಿವಿ ಇಟಗೊಂಡು. ಹಾಕವಾ, ಹೊತ್ತಾತು."

ಅಹಲ್ಯಾಬಾಯಿ ಹಾಕಿದಳು. ಮೊದಲ ಎಳೆ ನಡುಗಿತು, ಆಮೇಲಿನವು ನೆಟ್ಟಗಾದವು. ಬಾಗಿಲಿನಿಂದ ಓಣಿಯ ನಡುವಿನ ತನಕ ಬೆಳ್ಳಗೆ ಹರಡಿತು ರಂಗೋಲಿ. ಹಬ್ಬಕ್ಕೂ ಅಷ್ಟು ದೊಡ್ಡದು ಹಾಕಿದವಳಲ್ಲ.

ಆ ಮನುಷ್ಯ ಇನ್ನೂ ನಸುಕು ಇರುವಾಗಲೇ ಬಂದಿದ್ದ. ಸೈಫುದ್ದೀನ ಅಂಗಡಿಯ ಹಲಗೆ ತೆಗೆಯುವ ಮೊದಲೇ ಕಟ್ಟೆಯ ಮೇಲಿದ್ದ. ಈ ದಿನ ಕೂಡಲಿಲ್ಲ, ನಿಂತೇ ಇದ್ದ. ಕುಲುಮೆಯ ಹತ್ತಿರ ಪಾಳಿ ಕಾಯುವ ರೈತರ ನಡುವೆ ಕೂರಿಗೆಯ ತಾಳು ತರದ, ಬರಿಗೈಯ ಇಬ್ಬರು ಗಟ್ಟಿಮುಟ್ಟಾದವರು ಬೀಡಿ ಸೇದುತ್ತ ಕೂತಿದ್ದುದೂ ಭಾಗೀರಥಿಬಾಯಿಯ ಕಣ್ಣಿಗೆ ಬಿತ್ತು.

"ಚಲೋ ಹಾಕೀರಿ ರಂಗೋಲಿ. ಇವತ್ತೇನು ವಿಶೇಷ?" ಎಂದು ಅವನು ಆ ಕಡೆಯಿಂದಲೇ ಕೇಳಿದ.

"ಶನಿವಾರ ಅಲ್ಲೇನ್ರಿ? ಹಣಮಂತದೇವರ ವಾರ" ಎಂದಳು ಭಾಗೀರಥಿಬಾಯಿ ಕಿಟಕಿಯಿಂದ.

ಅವನು ತಲೆಯಾಡಿಸಿದ. ಶ್ರಾದ್ಧದ ದಿನ ರಂಗೋಲಿ ಹಾಕುವುದಿಲ್ಲ ಎಂಬುದು ಅವನಿಗೆ ತಿಳಿದಿರಲಿಲ್ಲ. ಒಂದು ಅಂಜಿಕೆ ಕಡಿಮೆಯಾಯಿತು ಎಂದುಕೊಳ್ಳುವಷ್ಟರಲ್ಲಿ ಓಣಿಯ ತಿರುವಿನಲ್ಲಿ ಶೇಷಗಿರಿ ಆಚಾರ್ಯರು ಕಾಣಿಸಿಕೊಂಡರು. ಬಗಲಲ್ಲಿ ದರ್ಭೆಯ ಕಟ್ಟು. ರಂಗೋಲಿಯ ಅಂಚಿಗೆ ಬಂದವರು ಹಾವು ಕಂಡವರಂತೆ ನಿಂತುಬಿಟ್ಟರು.

"ಇದೇನ್ರೀ ಭಾಗಕ್ಕ! ಇವತ್ತಿನ ದಿವಸ ಬಾಗಲದಾಗ... ಅಲ್ಲ, ಇದನ್ನ ಹಾಕಿದ ಮ್ಯಾಲ..."

ಎದುರಿನ ಕಟ್ಟೆಯ ಮೇಲಿನ ತಲೆ ಇತ್ತ ತಿರುಗಿತು.

"ಆಚಾರ್ರ!" ಭಾಗೀರಥಿಬಾಯಿ ಬಾಗಿಲಿಗೇ ಬಂದಿದ್ದಳು. "ಕಾಲಾಗ ಕೆಸರದ, ಮೊದಲ ಒಳಗ ಬರ್ರಿ. ಅಹಲ್ಯಾ, ಆಚಾರ್ರಿಗೆ ನೀರು ಕೊಡು."

"ನೀರು ಇರಲಿ, ಇದು..."

"ಒಳಗ ಬರ್ರಿ ಅಂದೆ."

ಆಕೆ ಹಾಗೆ ಮಾತಾಡಿದ್ದನ್ನು ಆಚಾರ್ಯರು ಕೇಳಿರಲಿಲ್ಲ. ರಂಗೋಲಿಯನ್ನು ಬಳಸಿ ಒಳಗೆ ಬಂದರು. ಆಕೆ ಬಾಗಿಲ ಮರೆಗೆ ನಿಂತು, ಉಸಿರಿನಷ್ಟೇ ದನಿಯಲ್ಲಿ ಕೇಳಿದಳು:

"ನಿನ್ನಿ ನೀವು ಅಕ್ಷತಿ ಹಚ್ಚಿಕೊಂಡಿದ್ದಿರೇನು?"

"ನಿನ್ನಿ? ಏಕಾದಶಿಗೆ? ನಿಮಗೇನರೆ ಉಪವಾಸ ತಲಿಗೇರ್ಯದೇನು?"

"ಅವರು ಹಚ್ಚಿಕೊಂಡಿದ್ರು. ನಿಮ್ಮ ಸಜ್ಜನ ಮನುಷ್ಯ."

ಆಚಾರ್ಯರು ಬಾಯಿ ತೆರೆದರು. ನಿನ್ನೆಯ ಸಂಜೆ ಅವರ ಕಣ್ಣ ಮುಂದೆ ಬಂದಿರಬೇಕು, ಓಣಿಯ ತುದಿ, ಆ ಹಣೆ, ತಾನು ನಕ್ಕು ಹೇಳಿದ ಮಾತು. ಮುಖದ ರಕ್ತ ಇಳಿಯಿತು.

"ಹಂಗಾರ... ಬರೋವರು ಮೈದುನನ ಮಗ ಅಲ್ಲ" ಎಂದರು ಕಡೆಗೆ.

ಭಾಗೀರಥಿಬಾಯಿ ತುಟಿಯ ಮೇಲೆ ಬೆರಳಿಟ್ಟಳು.

"ಯವ್ವಾ, ನನ್ನ ನಾಲಿಗಿ ಸುಡ್ಲಿ."

"ಅದನ್ನ ಆಮ್ಯಾಲ ಸುಡ್ರಿ. ಈಗ ಹೊರಗ ಹೋಗಿ ಕಟ್ಟಿ ಮ್ಯಾಲ ಕೂಡ್ರಿ. ಬಾಯಿ ತೆರೀಬ್ಯಾಡ್ರಿ."

ಅವರು ಹೋಗಿ ಕೂತರು. ಜೀವಮಾನದಲ್ಲಿ ಮೊದಲ ಸಲ ಓಣಿಯ ಕಟ್ಟೆಯ ಮೇಲೆ ಮಾತಿಲ್ಲದೆ ಕೂತರು.

ಮಳೆ ಮೋಡ ಕವಿದು ಹೊತ್ತು ಎಷ್ಟೆಂದು ತಿಳಿಯದ ಹಾಗಿತ್ತು. ಎತ್ತಿನ ಗಾಡಿಯೊಂದು ಹೋಯಿತು. ಬೀಜದ ಚೀಲ ಹೊತ್ತ ಅಪ್ಪ ಮಗ ಹೋದರು. ಅವರ ಹಿಂದೆ, ಓಣಿಯ ತಿರುವಿನಲ್ಲಿ, ತಲೆಯ ಮೇಲೆ ಎಲೆಯ ಹೊರೆ ಇಟ್ಟುಕೊಂಡ ಹಣಮಮ್ಮ. ಅವಳ ಹಿಂದೆ ಅದಕ್ಕಿಂತ ದೊಡ್ಡ ಹೊರೆ ಹೊತ್ತ ಒಬ್ಬ ಆಳು. ಮೊಣಕಾಲ ಮೇಲೆ ಎತ್ತಿ ಕಟ್ಟಿದ ಧೋತರ, ಎಡ ಹೆಗಲ ಮೇಲೆ ಮಡಚಿದ ಕರೀ ಕಂಬಳಿ, ಹುಬ್ಬಿನ ತನಕ ಇಳಿದ ರುಮಾಲು, ಮುಖ ತುಂಬ ಗಡ್ಡ. ಬದುವಿನ ಮೇಲೆ ನಡೆದ ಹಾಗೆ ಒಬ್ಬರ ಹಿಂದೊಬ್ಬರು. ನಡಿಗೆ ಕೂಡ ಕಲಿತುಕೊಂಡುಬಿಟ್ಟಿದ್ದಾನೆ ಎಂದುಕೊಂಡಳು ಭಾಗೀರಥಿಬಾಯಿ. ಬೇರೆ ಯಾರಾದರೂ ಆಗಿದ್ದರೆ ಕಿಟಕಿಯಿಂದ ನೋಡಿ, ಇವ ದೇವದುರ್ಗದವ ಎಂದು ಬಿಟ್ಟುಬಿಡುತ್ತಿದ್ದಳು.

ಆಳು ರಂಗೋಲಿ ಕಂಡ. ಒಂದು ಹೆಜ್ಜೆ ತಡೆಯಿತು, ಅಷ್ಟೆ. ಆಗಲೇ ತಿರುಗಿ ಹೋಗಿದ್ದರೆ ಪಾರಾಗುತ್ತಿದ್ದ. ಆದರೆ ಮುಂದಿದ್ದ ಹಣಮಮ್ಮನಿಗೆ ಆ ಬೆಳ್ಳನೆಯ ಗೆರೆಗಳ ಮಾತು ಗೊತ್ತಿರಲಿಲ್ಲ. ಅವಳು ಎಂದಿನಂತೆ ದೂರದಿಂದಲೇ ಕೂಗಿದಳು:

"ಅವ್ವಾರ, ಎಲಿ ತಂದೀವ್ರೀ!"

ಕರೆದ ಮೇಲೆ ತಿರುಗುವುದೆಲ್ಲಿ? ಆಳು ಅವಳ ಹಿಂದೆ ಬರಲೇಬೇಕಾಯಿತು. ಭಾಗೀರಥಿಬಾಯಿ ಹೊಸ್ತಿಲಿಗೆ ಬಂದಳು. ಮಗ ಕೈಯಳತೆಯಲ್ಲಿ ನಿಂತಿದ್ದ. ಒಡೆದ ಹಿಮ್ಮಡಿ, ಮುಳ್ಳು ತರಚಿದ ಮೀನಖಂಡ. ಪುಸ್ತಕ ಹಿಡಿದು ಶಾಲೆಗೆ ಹೋಗುತ್ತಿದ್ದ ಕಾಲುಗಳೇ ಅವು ಎಂದು ಯಾರೂ ನಂಬಲಾರರು. ಆ ಕಾಲು ನೋಡಿ ಆಕೆಗೆ ಅಳು ಬಂತು, ಧೈರ್ಯವೂ ಬಂತು.

"ಏ, ನೋಡಿ ಕಾಲಿಡೋ! ರಂಗೋಲಿ ತುಳೀಬ್ಯಾಡ!" ಎಂದು ಗದರಿದಳು. "ಹಣಮಮ್ಮ, ಇವತ್ತು ಎಲಿ ಬ್ಯಾಡ. ಇದ್ದ ಎಲಿನ ಖರ್ಚಾಗಿಲ್ಲ. ನಮ್ಮ ಮನ್ಯಾಗ ಉಣ್ಣವರು ಯಾರಿದ್ದಾರ? ತಿರುಗಿ ಒಯ್ಯಿ."

ಹಣಮಮ್ಮ ಪೆಚ್ಚಾದಳು. ಆಕೆಯ ಕಣ್ಣು ಭಾಗೀರಥಿಬಾಯಿಯ ಮುಖದಿಂದ ಆಚಾರ್ಯರ ಮುಖಕ್ಕೆ ಹೋಯಿತು, ಅಲ್ಲಿಂದ ಎದುರಿನ ಕಟ್ಟೆಗೆ. ಅಷ್ಟರಲ್ಲಿ ಆ ಮನುಷ್ಯ ಛತ್ರಿ ಹಿಡಿದು ಓಣಿ ದಾಟಿ ಬಂದಿದ್ದ.

"ಯಾವೂರು ನಿಂದು?" ಅವನು ಕೇಳಿದ್ದು ಆಳನ್ನು.

"ಅವಗೇನ್ ಕೇಳ್ತೀರಿ ಬಿಡ್ರೀ" ಎಂದಳು ಹಣಮಮ್ಮ. "ನಮ್ಮ ಮೈದುನ. ಹುಟ್ಟ ಮೂಕ. ಹೆಸರು ತಾಯಪ್ಪ ಅಂತ. ಹೊರಿ ಹೊರ್ತಾನ, ರೊಟ್ಟಿ ತಿಂತಾನ, ಮೂರನೇದು ಗೊತ್ತಿಲ್ಲ."

"ಹೊರಿ ಇಳಸು. ಮಾರಿ ಎತ್ತು." ಅವನು ಹೊರೆಗೆ ಕೈ ಚಾಚಿದ.

ಕುಲುಮೆಯ ಹತ್ತಿರದ ಇಬ್ಬರು ಬೀಡಿ ಬಿಸಾಕಿ ಎದ್ದು ನಿಂತಿದ್ದರು. ಹಣಮಮ್ಮ ಮಾತ್ರ ಸೊಂಟಕ್ಕೆ ಕೈ ಕೊಟ್ಟಳು.

"ಅಯ್ಯ, ಸ್ವಾಮ್ಯಾರ! ನಮ್ಮನ್ನ ಮುಟ್ಟತೀರೇನ್ರೀ? ನಾಮ ಹಚ್ಚಿಕೊಂಡೀರಿ, ಮಡಿ ಉಟ್ಟೀರಿ. ಮುಟ್ಟಿದ್ರ ಮತ್ತ ಬಾವಿಗೆ ಹೋಗಿ ಜಳಕ ಮಾಡಬೇಕಾಕ್ಕತಿ ನೋಡ್ರಿ. ಆಮ್ಯಾಲ ಹಣಮಿ ಹೇಳಲಿಲ್ಲ ಅನಬ್ಯಾಡ್ರಿ!"

ರೈತರು ಗೊಳ್ಳೆಂದು ನಕ್ಕರು. ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಶೇಷಗಿರಿ ಆಚಾರ್ಯರು ಕಟ್ಟೆಯಿಂದ ಎದ್ದಿದ್ದರು. "ಆಚಾರ್ರ, ದೂರ ಸರೀರಿ! ದ್ವಾದಶಿ ಪಾರಣಿ ಆಗಿಲ್ಲ ನಿಮ್ಮದು, ಇದೇನು ಅನಾಚಾರ?" ಎಂದರು. ದನಿ ನಡುಗುತ್ತಿತ್ತು, ಆದರೆ ಸಿಟ್ಟಿನಿಂದ ನಡುಗಿದ ಹಾಗೇ ಕೇಳಿಸಿತು.

ಅವನು ಕೈ ಹಿಂದೆ ತೆಗೆದ. ತೊಟ್ಟ ವೇಷ ಅವನನ್ನು ಎರಡು ಹೆಜ್ಜೆ ಹಿಂದಕ್ಕೆ ಎಳೆಯಿತು. ಆದರೂ ಹೋಗಲಿಲ್ಲ. ಆಳಿನ ಗಡ್ಡ, ಕಾಲು, ಕೈಯ ಬೆರಳು ಒಂದೊಂದನ್ನೇ ನೋಡುತ್ತ ನಿಂತ.

'ಹೋಗಪಾ' ಎಂದು ಭಾಗೀರಥಿಬಾಯಿಯ ಜೀವ ಬಡಿದುಕೊಳ್ಳುತ್ತಿತ್ತು. ಆಳು ಹೋಗಲಿಲ್ಲ. ತಾನೇ ಹೊರೆ ಕೆಳಗಿಳಿಸಿದ. ಎರಡೂ ಕೈ ಕೂಡಿಸಿ ಬಾಯಿಗೆ ಹಿಡಿದು ತೋರಿಸಿದ. ನೀರು ಬೇಕು.

ಹುಚ್ಚ, ಇದೇನು ನೀರು ಕುಡಿಯುವ ಹೊತ್ತೇ? ಆದರೆ ದುಡಿದು ಬಂದವನು ಬೊಗಸೆ ಒಡ್ಡಿದರೆ ಇಲ್ಲ ಎನ್ನುವ ಮನೆ ಇಲ್ಲ. ಇಲ್ಲ ಅಂದರೆ ಅದೇ ಸಂಶಯ. ಆಕೆ ಒಳಗೆ ಕೈ ಚಾಚಿದಳು. ಬಾಗಿಲ ಹಿಂದೆ ಗೋಡೆಗೆ ಅಂಟಿ ನಿಂತಿದ್ದ ಅಹಲ್ಯಾಬಾಯಿ ತಂಬಿಗೆ ಕೊಟ್ಟಳು. ಅವಳ ಇನ್ನೊಂದು ಕೈಯಲ್ಲಿ ಎಳ್ಳಿನ ಬಟ್ಟಲು ಹಾಗೆಯೇ ಇತ್ತು.

ಕಟ್ಟೆಯ ಮೇಲೆ ನಿಂತು, ಮುಟ್ಟದ ಹಾಗೆ, ಎತ್ತರದಿಂದ ಹೊಯ್ಯಬೇಕು. ಇಷ್ಟು ವರ್ಷ ಹಣಮಮ್ಮನಿಗೆ ಹಾಗೇ ಹೊಯ್ದಿದ್ದಳು. ಈಗ ಮಗ ಕೆಳಗೆ ಬಾಗಿ ಬೊಗಸೆ ಒಡ್ಡಿದ್ದ. ತಂಬಿಗೆ ಬಗ್ಗಿಸುವ ಮೊದಲು ಅವನು ಎಡ ಹೆಗಲ ಮೇಲಿನ ಕಂಬಳಿ ತೆಗೆದು ಬಲ ಹೆಗಲಿಗೆ ಹಾಕಿಕೊಂಡ. ಓಣಿಯ ತೆಂಕಣ ತುದಿಗೆ ಮುಖ ತಿರುಗಿಸಿದ.

ಭಾಗೀರಥಿಬಾಯಿಯ ಕೈ ಗಕ್ಕನೆ ನಿಂತಿತು. ಪಿತೃಗಳ ಕಾರ್ಯಕ್ಕೆ ಕೂತ ಗಂಡಸು ಜನಿವಾರವನ್ನು ಹಾಗೆ ಎಡದಿಂದ ಬಲಕ್ಕೆ ಹಾಕಿಕೊಳ್ಳುತ್ತಾನೆ, ದಕ್ಷಿಣಕ್ಕೆ ಮುಖ ಮಾಡುತ್ತಾನೆ.

ಆಕೆ ಹೊಯ್ದಳು. ಅವನು ಒಂದು ಗುಟುಕು ಕುಡಿದ. ಆಮೇಲೆ ಅಂಗೈ ಓರೆ ಮಾಡಿದ. ನೀರು ಬಲಗೈಯ ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ನೆಲಕ್ಕೆ ಇಳಿಯಿತು. ಮತ್ತೆರಡು ಸಲ ತುಂಬಿತು, ಮತ್ತೆರಡು ಸಲ ಇಳಿಯಿತು. ತಂದೆಗೆ, ಅಜ್ಜನಿಗೆ, ಮುತ್ತಜ್ಜನಿಗೆ. ಮೂಕನ ತುಟಿ ಅಲುಗಲಿಲ್ಲ. ಕಟ್ಟೆಯ ಮೇಲೆ ಶೇಷಗಿರಿ ಆಚಾರ್ಯರ ತುಟಿ ಮಾತ್ರ, ದನಿಯಿಲ್ಲದೆ, ಅಲುಗುತ್ತಿತ್ತು.

"ನೀರು ಕುಡೀಲಿಕ್ಕೂ ಬರಂಗಿಲ್ಲಲ್ಲ ಈ ಮಬ್ಬಗ" ಎಂದ ಆ ಮನುಷ್ಯ. "ಎಲ್ಲಾ ಚೆಲ್ಲಾಕತ್ತಾನ."

"ಹಂಗ್ರೀ ಅಂವ. ಹುಟ್ಟಿದಾಗಿಂದ ಹಂಗ" ಎಂದಳು ಹಣಮಮ್ಮ. ಅವಳಿಗೂ ಏನೋ ಆಗುತ್ತಿದೆ ಎಂದು ಗೊತ್ತಾಗಿತ್ತು, ಏನೆಂದು ಗೊತ್ತಾಗಿರಲಿಲ್ಲ. "ನಡಿಯೋ, ಹೊತ್ತಾತು."

ಆಳು ಕಂಬಳಿಯನ್ನು ಮತ್ತೆ ಎಡ ಹೆಗಲಿಗೆ ಹಾಕಿಕೊಂಡ, ಹೊರೆ ಎತ್ತಿ ತಲೆಯ ಮೇಲೆ ಇಟ್ಟುಕೊಂಡ. ತಾಯಿಯ ಮುಖ ನೋಡಲಿಲ್ಲ. ರಂಗೋಲಿಯ ಅಂಚು ತುಳಿಯದ ಹಾಗೆ ಬಳಸಿ, ಹಣಮಮ್ಮನ ಹಿಂದೆ ನಡೆದ. ಎದ್ದು ನಿಂತಿದ್ದ ಇಬ್ಬರು ಛತ್ರಿಯವನ ಕಡೆ ನೋಡಿದರು. ಅವನು ಹೋಗುತ್ತಿರುವ ಬೆನ್ನನ್ನು ನೋಡಿದ, ಮನೆಯ ಬಾಗಿಲನ್ನು ನೋಡಿದ. ಮಾಸ್ತರನೊಬ್ಬ ಬರಬೇಕಿರುವುದು ಈ ಬಾಗಿಲಿಗೆ. ಬಾಗಿಲು ಬಿಟ್ಟು ಎಲೆ ಮಾರುವವರ ಬೆನ್ನು ಹತ್ತುವುದೇ? ಅವನು ಅವರಿಬ್ಬರಿಗೆ ಇಲ್ಲ ಎಂದು ಕೈಸನ್ನೆ ಮಾಡಿ, ತಿರುಗಿ ಹೋಗಿ ಕಟ್ಟೆಯ ಮೇಲೆ ದೊಪ್ಪನೆ ಕೂತ.

ಎಲೆಯ ಹೊರೆಗಳು ತಿರುವಿನಲ್ಲಿ ಮರೆಯಾದವು.

ಮಧ್ಯಾಹ್ನ ದಾಟುವ ತನಕ ಅವನು ಕೂತಿದ್ದ. ದೊಡ್ಡ ಮಳೆ ಬಂತು. ಆಗ ಎದ್ದು ಹೋದ. ಸೈಫುದ್ದೀನ ಒಳಗಿಂದ ಬಂದು, ಅವನು ಕೂತ ಜಾಗವನ್ನು ಚಿಂದಿಯಿಂದ ಒರೆಸಿ, ಕಿಟಕಿಯ ಕಡೆ ಒಮ್ಮೆ ನೋಡಿ, ಯಂತ್ರದ ಮುಂದೆ ಕೂತ.

ಪಡಸಾಲೆಯಲ್ಲಿ ಶೇಷಗಿರಿ ಆಚಾರ್ಯರು ಬಿಚ್ಚದ ದರ್ಭೆಯ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬಹಳ ಹೊತ್ತು ತಡೆದ ಮಾತು ಕಡೆಗೂ ಹೊರಬಿತ್ತು.

"ಭಾಗಕ್ಕ, ಎಳ್ಳು ಇರಲಿಲ್ಲ. ದರ್ಭಿ ಇರಲಿಲ್ಲ. ಪಿಂಡ ಬೀಳಲಿಲ್ಲ. ಬಾಗಲದಾಗ ರಂಗೋಲಿ ಬ್ಯಾರೆ."

"ಹೌದ್ರಿ."

"ಅದು ಮುಟ್ಟಿತೋ ಇಲ್ಲೋ, ತಂದಿ ಋಣ ತೀರಿತೋ ಉಳೀತೋ, ನನಗ ತಿಳೀವಲ್ದು. ಮನ್ಯಾಗ ಪೋಥಿ ಅದಾವ. ನೋಡಿ ಬಂದು ಹೇಳ್ತೀನಿ."

ಭಾಗೀರಥಿಬಾಯಿ ಎಲೆಯ ಮೇಲೆ ಎಲೆ ಕೂಡಿಸಿದಳು. ಸಿಬಿರು ಹುಡುಕಿದಳು. ಹೊರಗೆ ರಂಗೋಲಿ ಮಳೆಗೆ ಕರಗಿ, ಬಿಳೀ ನೀರಾಗಿ ಓಣಿಯ ತೆಂಕಣ ಕಡೆ ಹರಿಯುತ್ತಿತ್ತು.

"ನೋಡಬ್ಯಾಡ್ರಿ ಆಚಾರ್ರ" ಎಂದಳು. "ಉಳದದ ಅಂತ ಇರಲಿ. ಉಳದಿದ್ರ ತೀರಸ್ಲಿಕ್ಕೆ ಅವ ಬರಬೇಕಾಗ್ತದ."